ಡಬ್ಬಿ ಇಡಲು ಮೊದಲು ಅಟ್ಟ ಬೇಕು

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡಿ ಸೇವ್ ಒತ್ತುತ್ತೀರಿ. ಮರುದಿನ ತೆರೆದರೆ ಮತ್ತೆ ಸಣ್ಣ ಅಕ್ಷರ. ನಿಮಗೂ ಆಗಿರಬೇಕು, ಅಲ್ವಾ? ಇವತ್ತು ನಾನು ಹೇಳುವುದು ಒಂದೇ ಮಾತು. ಪ್ರೋಗ್ರಾಂ ಫೈಲನ್ನು ತಾನೇ ಹುಟ್ಟಿಸುತ್ತದೆ, ಆದರೆ ಬರೆದವರು ಹೇಳಿಕೊಡದಿದ್ದರೆ ಫೋಲ್ಡರನ್ನು ಹುಟ್ಟಿಸುವುದಿಲ್ಲ.

ನಮ್ಮ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದನ್ನು ನಡೆಸುವ ಅಕ್ಕ ಹೊಸ ಕಂಪ್ಯೂಟರ್ ತಂದರು. ಬಿಲ್ ಹಾಕುವ ಪ್ರೋಗ್ರಾಮನ್ನು ಪರಿಚಯದ ಹುಡುಗನೊಬ್ಬ ಬರೆದುಕೊಟ್ಟಿದ್ದ. ಅದನ್ನು ಪೆನ್‌ಡ್ರೈವ್‌ನಲ್ಲಿ ತಂದು ಹೊಸದಕ್ಕೆ ಹಾಕಿಕೊಂಡರು. ಬಿಲ್ ಏನೋ ಬಂತು. ಆದರೆ ಅಂಗಡಿಯ ಹೆಸರಿನ ಮೊದಲ ಎರಡು ಅಕ್ಷರ ಕಾಗದದ ಆಚೆ! ಎಡಗಡೆ ಮಾರ್ಜಿನ್ ಸರಿಮಾಡಿ ಸೇವ್ ಒತ್ತಿದರು. ಅವತ್ತು ಚೆನ್ನಾಗಿತ್ತು. ಮರುದಿನ ಷಟರ್ ಎತ್ತಿ ಮೊದಲ ಬಿಲ್ ಹಾಕಿದರೆ ಮತ್ತೆ ಅದೇ ಕತೆ. ಎಂಟು ದಿನ ಹೀಗೇ ಆಯಿತು. ರಿಪೇರಿಯವರು ಬಂದು ರೋಲರ್ ಒರೆಸಿ ದುಡ್ಡು ತಗೊಂಡು ಹೋದರು. ಕೊನೆಗೆ ಅಕ್ಕ ನನ್ನನ್ನು ಕೇಳಿದರು, "ಸಾರ್, ಬೇರೆ ಪ್ರಿಂಟರೇ ತಗೊಳ್ಳಲಾ?"

"ಪ್ರಿಂಟರ್ ಮುಟ್ಟಬೇಡಿ ಅಕ್ಕಾ" ಎಂದೆ. ಪ್ರೋಗ್ರಾಂ ಪಕ್ಕದಲ್ಲಿ ಒಂದು ಲಾಗ್ ಫೈಲ್ ಇತ್ತು, ಅಂದರೆ ಏನೇನಾಯಿತು ಅಂತ ಪ್ರೋಗ್ರಾಂ ಬರೆದಿಡುವ ದಿನಚರಿ. ತೆರೆದರೆ ಸಾಲು ಸಾಲಾಗಿ ಎರರ್ 3. ವಿಂಡೋಸ್‌ನಲ್ಲಿ 2 ಅಂದರೆ ಫೈಲ್ ಸಿಗಲಿಲ್ಲ, 3 ಅಂದರೆ ಅಲ್ಲಿಗೆ ಹೋಗುವ ದಾರಿಯೇ ಸಿಗಲಿಲ್ಲ. ಮಾರ್ಜಿನ್‌ನಂಥ ಸೆಟ್ಟಿಂಗ್ ಬರೆದಿಡಬೇಕಾದ ಜಾಗದ ಪೂರ್ತಿ ವಿಳಾಸವೂ ಅಲ್ಲೇ ಇತ್ತು. ಆಪ್‌ಡೇಟಾ ಎಂಬ ಫೋಲ್ಡರ್, ಅದರೊಳಗೆ ರೋಮಿಂಗ್, ಅದರೊಳಗೆ ಬಿಲ್ ಪ್ರೋಗ್ರಾಮಿನ ಫೋಲ್ಡರ್. ಆಪ್‌ಡೇಟಾ ಸುಮ್ನೆ ಕಾಣಿಸುವುದಿಲ್ಲ. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಬೇಕು. ಹಾಕಿ ನೋಡಿದರೆ ರೋಮಿಂಗ್ ಇದೆ, ಒಳಗೆ ಬಿಲ್ ಫೋಲ್ಡರ್ ಇಲ್ಲ. ಹಳೇ ಕಂಪ್ಯೂಟರಿನಲ್ಲಿ ಆ ಹುಡುಗ ಅದನ್ನು ಕೈಯಾರೆ ಮಾಡಿಟ್ಟಿದ್ದ. ಪೆನ್‌ಡ್ರೈವ್‌ನಲ್ಲಿ ಬಂದದ್ದು ಪ್ರೋಗ್ರಾಂ ಮಾತ್ರ.

ರೈಟ್ ಕ್ಲಿಕ್ ಮಾಡಿದೆ, ನ್ಯೂ ಫೋಲ್ಡರ್ ಒತ್ತಿದೆ, ಲಾಗಿನಲ್ಲಿದ್ದ ಹೆಸರನ್ನೇ ಒಂದಕ್ಷರ ತಪ್ಪದಂತೆ ಬರೆದೆ. ಅಕ್ಕ ಮಾರ್ಜಿನ್ ಸರಿಮಾಡಿ ಸೇವ್ ಒತ್ತಿದರು. ನಮ್ಮ ಕಣ್ಣೆದುರೇ ಆ ಖಾಲಿ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲ್ ಬಂದು ಕೂತಿತು, 1 ಕೆಬಿ. ಮುಚ್ಚಿ ತೆರೆದು ಬಿಲ್ ಹಾಕಿದರೆ ಹೆಸರು ಪೂರ್ತಿ ಬಂತು. "ಇಷ್ಟೇನಾ?" ಎಂದರು. ಇಷ್ಟೇ! ಅಟ್ಟವೇ ಇಲ್ಲದ ಮನೆಯಲ್ಲಿ ಡಬ್ಬಿ ಎಲ್ಲಿಡುವುದು ಹೇಳಿ?

ಈಗ ಪ್ರೋಗ್ರಾಂ ಬರೆಯುವ ಮಕ್ಕಳಿಗೆ ಒಂದು ಮಾತು. ಬರೆಯಲೆಂದು ಫೈಲ್ ತೆರೆದರೆ, ಇಲ್ಲದ ಫೈಲ್ ಹುಟ್ಟುತ್ತದೆ. ಇಲ್ಲದ ಫೋಲ್ಡರ್ ಹುಟ್ಟುವುದಿಲ್ಲ. ವಿಂಡೋಸ್‌ನಲ್ಲೂ ಹೀಗೇ, ಲಿನಕ್ಸ್‌ನಲ್ಲೂ ಹೀಗೇ. ಅದಕ್ಕೇ ಬರೆಯುವ ಮೊದಲು ಫೋಲ್ಡರ್ ಮಾಡಿ. ಪೈಥಾನ್‌ನಲ್ಲಿ ಓಎಸ್ ಡಾಟ್ ಮೇಕ್‌ಡರ್ಸ್, ಜೊತೆಗೆ ಎಕ್ಸಿಸ್ಟ್ ಓಕೆ ಟ್ರೂ. ಆಗ ಫೋಲ್ಡರ್ ಮೊದಲೇ ಇದ್ದರೂ ತಕರಾರಿಲ್ಲ. ಒಂದೇ ಸಾಲು ಅಲ್ವಾ, ಅದಕ್ಕೇಕೆ ಸೋಮಾರಿತನ? ಇನ್ನೊಂದು, ಸೇವ್ ಆಗದಿದ್ದರೆ ಆಗಲಿಲ್ಲ ಅಂತ ಪರದೆಯ ಮೇಲೆ ಹೇಳಿಸಿ. ಆ ಅಕ್ಕನಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಸಮಯ ಆಗುತ್ತಾ ಬಂತು. ಅಂಗಡಿಯವರೇ, ಕಂಪ್ಯೂಟರ್ ಬದಲಿಸುವಾಗ ಪ್ರೋಗ್ರಾಮಿನ ಜೊತೆ ರೋಮಿಂಗ್ ಒಳಗಿರುವ ಅದರ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳಿ. ಹಳೇ ಯಂತ್ರವನ್ನು ಗುಜರಿಗೆ ಹಾಕುವ ಮೊದಲೇ ಮಾಡಿ. ನಮಸ್ಕಾರ.