ಯಾಕೆ ನಿಂತಿತು? ಹಳೆಯ ಪಾಯಿಂಟ್ ಟೂ ಟೂ ಬಂದೂಕುಗಳ ಬಗ್ಗೆ ನಾಲ್ಕು ಮಾತು

(ಟೆಕ್ಸಾಸ್‌ನಲ್ಲಿ ಕನ್ನಡಿಗರ ಆಯುಧಪೂಜೆ ಸಮಾರಂಭದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆಯಿಂದ ಕಾರು, ಲ್ಯಾಪ್‌ಟಾಪ್, ಮಿಕ್ಸಿ ಎಲ್ಲಕ್ಕೂ ಕುಂಕುಮ ಹಚ್ಚಿದ್ದಾಯಿತು. ನಿಜವಾದ ಆಯುಧದ ಬಗ್ಗೆಯೂ ಯಾರಾದರೂ ಮಾತಾಡಲಿ ಅಂತ ಸಮಿತಿಯವರು ನನ್ನನ್ನು ಹಿಡಿದರು. ಆದರೆ ಬಂದೂಕು ತರಬಾರದು ಅಂದರು. ಸರಿ, ಬರೀ ಬಾಯಲ್ಲೇ ತೋರಿಸುತ್ತೇನೆ. ಹಿಂದಿನ ಸಾಲಿನಲ್ಲಿ ಕೊಡಗಿನವರು ನಗುತ್ತಿದ್ದಾರೆ. ತಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುವ ಮನೆಯವರಿಗೆ ನಾನೇನು ಹೊಸದು ಹೇಳಲಿ?

ಇಲ್ಲಿರುವ ಅರ್ಧ ಜನ ಶೂಟಿಂಗ್ ರೇಂಜಿಗೆ ಹೋಗುವವರೇ. ರಿಮ್‌ಫೈರ್ ಅಂದರೇನು, ಸೆಮಿ ಆಟೋಮ್ಯಾಟಿಕ್ ಅಂದರೇನು ಅಂತ ಕೊರೆಯುವುದಿಲ್ಲ. ಉಳಿದರ್ಧ ಜನಕ್ಕೆ ಒಂದೇ ಮಾತು: ಪಾಯಿಂಟ್ ಟೂ ಟೂ ಅಂದರೆ 0.22 ಇಂಚಿನ ಸಣ್ಣ ಗುಂಡಿನದು, ರಿಮ್‌ಫೈರ್ ಅಂದರೆ ತೋಟಾದ ಹಿಂದಿನ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವಂಥದ್ದು, ಸೆಮಿ ಆಟೋಮ್ಯಾಟಿಕ್ ಅಂದರೆ ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹೊಡೆದು ಮುಂದಿನದನ್ನು ತಾನೇ ಏರಿಸಿಕೊಳ್ಳುವಂಥದ್ದು. ನನಗೆ ಹೇಳಬೇಕಿರುವುದು ಬೇರೆ. ನಮ್ಮ ಹುಡುಗರು ಈಗ ತಯಾರಿಕೆ ನಿಂತ ರೈಫಲ್‌ಗಳ ಹಿಂದೆ ಬಿದ್ದಿದ್ದಾರೆ. ಕೊಳ್ಳುವ ಮೊದಲು ಫೋನ್ ಮಾಡುತ್ತಾರೆ. "ಅಂಕಲ್, ಇದಕ್ಕೆ ಮುಂದೆ ರೇಟ್ ಬರುತ್ತಾ?" ನಾನು ತಿರುಗಿ ಕೇಳುತ್ತೇನೆ, "ಅದು ಯಾಕೆ ನಿಂತಿತು, ಗೊತ್ತಾ?" ಅಲ್ಲಿಗೆ ಫೋನ್ ಸುಮ್ಮನಾಗುತ್ತದೆ. ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಆ ಬೈಕ್ ಓಡಿಸುವವರನ್ನು ಕೇಳಿ ನೋಡಿ. ಬಿಡಿಭಾಗ ಎಲ್ಲಿ ಸಿಗುತ್ತೆ ಅನ್ನುವುದು ಅವರ ಮೊದಲ ಮಾತು. ರೇಟು ಆಮೇಲೆ.

ವಿಂಚೆಸ್ಟರ್ ಕಂಪನಿಯ ಮಾಡೆಲ್ 1903 ರೈಫಲ್ ತಗೊಳ್ಳಿ. ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾದ ಮೊದಲ ಸೆಮಿ ಆಟೋಮ್ಯಾಟಿಕ್ ರಿಮ್‌ಫೈರ್ ಅದು. ಟಿ. ಸಿ. ಜಾನ್ಸನ್ ಮಾಡಿದ ವಿನ್ಯಾಸ. ಮುಂಗಟ್ಟಿಗೆಯ, ಅಂದರೆ ಮುಂದಿನ ಕೈ ಹಿಡಿಯುವ ಭಾಗದ ತುದಿಯಲ್ಲಿ, ನಳಿಗೆಯ ಕೆಳಗೆ, ಬೆರಳಿನಷ್ಟು ದಪ್ಪದ ಸರಳೊಂದು ಹೊರಗೆ ಚಾಚಿರುತ್ತದೆ. ಅದನ್ನು ಅಂಗೈಯಲ್ಲಿ ಹಿಂದಕ್ಕೆ ಒತ್ತಿದರೆ ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು, ತೆರೆಯುತ್ತದೆ. ತೋಟಾ ತುಂಬುವುದು ಹಿಂಭಾಗದ ಮರದ ಹಿಡಿಯೊಳಗೆ. ನೋಡಲು ಬಲು ಚೆಂದ. ತೊಂದರೆ ಎಲ್ಲಿ ಅಂದರೆ, ಆಗ ಪಾಯಿಂಟ್ ಟೂ ಟೂ ತೋಟಾಗಳಲ್ಲಿ ಕಪ್ಪು ಮದ್ದು ಇನ್ನೂ ಬಳಕೆಯಲ್ಲಿತ್ತು. ಅದರ ಮಸಿ ಇಂಥ ಯಂತ್ರದೊಳಗೆ ಸೇರಿದರೆ ಕೆಲಸ ಕೆಟ್ಟಿತು. ಅದಕ್ಕೆ ಕಂಪನಿಯವರು ಹೊಗೆ ಇಲ್ಲದ ಮದ್ದಿನ ಬೇರೆಯೇ ತೋಟಾ ಮಾಡಿದರು, ಬೇರೆಯದು ಸರಿಯಾಗಿ ಕೂರದ ಹಾಗೆ ಅಳತೆಯನ್ನೂ ಬದಲಿಸಿದರು. ಆ ಕಾಲಕ್ಕೆ ಜಾಣತನವೇ. ಮುಂದೆ ಎಲ್ಲ ತೋಟಾಗೂ ಹೊಗೆ ಇಲ್ಲದ ಮದ್ದು ಬಂತು, ಈ ವಿಶೇಷ ತೋಟಾ ಯಾರಿಗೂ ಬೇಡವಾಯಿತು. ಇವತ್ತು ಅಂಗಡಿಯ ಸಾಮಾನ್ಯ ಲಾಂಗ್ ರೈಫಲ್ ತೋಟಾವನ್ನು ಇದರಲ್ಲಿ ಹಾಕಿದರೆ ಸಡಿಲವಾಗಿ ಕೂರುತ್ತದೆ, ಹೊಡೆದರೆ ತೋಟಾದ ಹಿತ್ತಾಳೆ ಕವಚ ಸೀಳಬಹುದು. ದಯವಿಟ್ಟು ಆ ಪ್ರಯೋಗ ಮಾಡಬೇಡಿ. ಅದೇ ಕಂಪನಿ 1933ರಲ್ಲಿ ಇದನ್ನೇ ಲಾಂಗ್ ರೈಫಲ್‌ಗೆ ಹೊಂದಿಸಿ ಮಾಡೆಲ್ 63 ತಂದಿತು. ಬಂದೂಕು ಹೊಡೆಯಲೂ ಬೇಕು ಅನ್ನುವವರು ಆ 63 ಕೊಳ್ಳಿ.

ಮಾಡೆಲ್ 63 ಯಾಕೆ ನಿಂತಿತು? ಅಚ್ಚುಕಟ್ಟಾಗಿತ್ತು, ಅದೇ ಅದರ ಕಷ್ಟ. ಉಕ್ಕನ್ನು ಕಡೆದು ಕಡೆದು ಮಾಡುವ ಕೆಲಸ, ಕೂಲಿ ಜಾಸ್ತಿ. 1958ಕ್ಕೆ ಮುಗಿಯಿತು. ಮರುವರ್ಷವೇ, 1959ರಲ್ಲಿ, ರೆಮಿಂಗ್ಟನ್‌ನವರು ನೈಲಾನ್ 66 ತಂದರು. ಆಗ ರೆಮಿಂಗ್ಟನ್ ಇದ್ದದ್ದು ಡುಪಾಂಟ್ ಕೈಯಲ್ಲಿ, ನೈಲಾನ್ ಕಂಡುಹಿಡಿದವರ ಕೈಯಲ್ಲೇ. ಮರ ಇಲ್ಲ. ಎರಡು ಅರ್ಧಗಳನ್ನು ಅಚ್ಚಿನಲ್ಲಿ ತೆಗೆದು ಅಂಟಿಸಿದ್ದು. ಒಳಗೆ ಬೋಲ್ಟ್ ಓಡಾಡುವುದೂ ನೈಲಾನಿನ ಮೇಲೆಯೇ, ಎಣ್ಣೆ ಬೇಡ. ಬೋಲ್ಟಿನ ಮೇಲೆ ಹೊರಗೆ ಕಾಣುವ ಕಬ್ಬಿಣ ಬರೀ ತಗಡಿನ ಮುಚ್ಚಳ. ತೂಕ 4 ಪೌಂಡ್ ಆಸುಪಾಸು.

ಪ್ಲಾಸ್ಟಿಕ್ ಬಂದೂಕು ಅಂತ ಜನ ಮೂಗು ಮುರಿದರು. ಆಗ ರೆಮಿಂಗ್ಟನ್ ಕಂಪನಿಯ ಗುರಿಕಾರ ಟಾಮ್ ಫ್ರೈ ನೈಲಾನ್ 66 ಹಿಡಿದು ಕಣಕ್ಕೆ ಇಳಿದ. ಈ ಕಥೆ ನನ್ನ ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ, ಎದ್ದು ಕಾಫಿಗೆ ಹೋದರೂ ಬೇಸರವಿಲ್ಲ. ಎರಡೂವರೆ ಇಂಚಿನ ಮರದ ತುಂಡುಗಳನ್ನು ಗಾಳಿಗೆ ಎಸೆಯುವುದು, ಅವನು ಹೊಡೆಯುವುದು. 13 ದಿನ. ಒಟ್ಟು 1,00,010 ತುಂಡು. ತಪ್ಪಿದ್ದು ಎಷ್ಟು? ಆರು! ದಿನಕ್ಕೆ ಸುಮಾರು 7,700 ಬಾರಿ ಟ್ರಿಗರ್ ಎಳೆದ ಲೆಕ್ಕ. ನಮಗೆ ಸುಮ್ನೆ ಅಷ್ಟು ಸಲ ಬೆರಳು ಮಡಚಿದರೂ ಮರುದಿನ ಫಿಸಿಯೋ ಬೇಕು. ಹೊಡೆದ ತುಂಡುಗಳ ರಾಶಿಯ ಮೇಲೆ ಅವನು ಕುಳಿತ ಫೋಟೋ ಇದೆ, ಪುಟ್ಟ ಗುಡ್ಡವೇ ಅದು.

ನಮ್ಮ ಟೆಕ್ಸಾಸ್‌ನವರು ಇಷ್ಟಕ್ಕೆ ಬಿಡಬಾರದು. ಇದಕ್ಕೂ ಮೊದಲು 1907ರಲ್ಲಿ, ಇಲ್ಲೇ ಸ್ಯಾನ್ ಆಂಟೋನಿಯೋದಲ್ಲಿ, ಆ್ಯಡ್ ಟೆಪರ್‌ವೈನ್ 10 ದಿನದಲ್ಲಿ 72,500 ತುಂಡು ಎಸೆಸಿ ಒಂಬತ್ತೇ ತಪ್ಪಿದ. ಯಾವ ಬಂದೂಕಿನಲ್ಲಿ? ನಾನು ಈಗ ಹೇಳಿದ ಆ ವಿಂಚೆಸ್ಟರ್ 1903ರಲ್ಲಿ. ಅವನ ಹೆಂಡತಿ ಪ್ಲಿಂಕಿ ಕೂಡ ದೊಡ್ಡ ಗುರಿಕಾರ್ತಿ. ಆ ಮನೆಯಲ್ಲಿ ಜಗಳ ಆಗುತ್ತಿತ್ತೋ ಇಲ್ಲವೋ!

ಚೀಟಿ ಬಂತು. ಐದು ನಿಮಿಷವಂತೆ.

ನೈಲಾನ್ 66 ಕೂಡ 10 ಲಕ್ಷಕ್ಕೂ ಮೀರಿ ತಯಾರಾಗಿ, 1980ರ ದಶಕದ ಕೊನೆಗೆ ನಿಂತಿತು. ಯಾಕೆ? ನನ್ನ ಲೆಕ್ಕದಲ್ಲಿ ಉತ್ತರ 1964ರಲ್ಲಿ ಬಂದ ರೂಗರ್ 10/22. ಅದರ ನಳಿಗೆಯನ್ನು ಎರಡು ಸ್ಕ್ರೂ ಬಿಚ್ಚಿ ಬದಲಿಸಬಹುದು, ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪು ಕೂರಿಸಬಹುದು, ಇಷ್ಟ ಬಂದಂತೆ ಆಟ ಆಡಬಹುದು. ನೈಲಾನ್ 66ರಲ್ಲಿ ಸ್ಕೋಪು ಕೂರುವುದು ಆ ತಗಡಿನ ಮುಚ್ಚಳದ ಮೇಲೆ. ಮುಚ್ಚಳ ಅಲುಗಿದರೆ ಗುರಿಯೂ ಅಲುಗಿತು. ಜನಕ್ಕೆ ಬಿಚ್ಚಿ ಕಟ್ಟುವ ಚಟ ಹತ್ತಿದ ಕಾಲದಲ್ಲಿ ಇದು ಬಿಚ್ಚಬಾರದ ಬಂದೂಕಾಗಿತ್ತು.

ನೈಲಾನ್ 66 ಕೊಳ್ಳುವವರಿಗೆ ಬೇಗ ಬೇಗ ಹೇಳುತ್ತೇನೆ. ನಳಿಗೆಯ ಎಡಬದಿಯಲ್ಲಿ ಪುಟ್ಟ ಅಕ್ಷರಗಳಿರುತ್ತವೆ, ಮೊದಲನೆಯದು ತಿಂಗಳು. 'ಬ್ಲ್ಯಾಕ್‌ಪೌಡರ್ ಎಕ್ಸ್' ಅನ್ನುವುದರ ಇಂಗ್ಲಿಷ್ ಕಾಗುಣಿತವನ್ನು ಜನವರಿಯಿಂದ ಡಿಸೆಂಬರಿಗೆ ಎಣಿಸಿಕೊಳ್ಳಿ. ಬಿ ಅಂದರೆ ಜನವರಿ, ಎಲ್ ಅಂದರೆ ಫೆಬ್ರವರಿ. ಹಳೆಯವುಗಳಲ್ಲಿ ಸೀರಿಯಲ್ ನಂಬರ್ ಇಲ್ಲ ಅಂತ ಗಾಬರಿ ಬೇಡ. ಎಲ್ಲಕ್ಕೂ ಅದು ಕಡ್ಡಾಯವಾದದ್ದು 1968ರ ಕಾನೂನಿನಿಂದ. ಮುಂಗಟ್ಟಿಗೆಯ ಬಿಳಿ ವಜ್ರದ ಗುರುತು ಉದುರಿದೆಯಾ ನೋಡಿ. ಸೆನೆಕಾ ಹಸಿರು ಬಣ್ಣದ್ದು ಸಿಕ್ಕರೆ ಮೊದಲು ನನಗೆ ಹೇಳಿ, ಆಮೇಲೆ ಹೆಂಡತಿಗೆ.

ರೆಮಿಂಗ್ಟನ್‌ನವರದೇ ಮಾಡೆಲ್ 24, ಬ್ರೌನಿಂಗ್ ವಿನ್ಯಾಸ... ಅದು ಇನ್ನೊಂದು ಸಲ ಆಗಲಿ. ಊರಿಗೆ ಒಯ್ಯಬಹುದಾ ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಆ ಆಸೆ ಬಿಡಿ. ಅಲ್ಲಿನ ಆಯುಧ ಕಾಯ್ದೆಯೂ ನೈಲಾನ್ 66 ಹುಟ್ಟಿದ 1959ರದ್ದೇ. 2019ರ ತಿದ್ದುಪಡಿಯ ಮೇಲೆ ಸಾಮಾನ್ಯ ಪರವಾನಗಿದಾರರಿಗೆ ಎರಡಕ್ಕಿಂತ ಜಾಸ್ತಿ ಬಂದೂಕು ಇಲ್ಲ. ಉಳಿದ ಪ್ರಶ್ನೆಗಳನ್ನು ಊಟದ ಸಾಲಿನಲ್ಲಿ ಕೇಳಿ. ನಮಸ್ಕಾರ.