ತೊಟ್ಟಿನ ಮೇಲೊಂದು ಗುಂಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಿಗೆ ಹಾಕಿಕೊಳ್ಳುವುದೂ ಗುಂಡಿ, ಕರೆಗಂಟೆಗೆ ಒತ್ತುವುದೂ ಗುಂಡಿ. ಇಂಗ್ಲಿಷಿನಲ್ಲೂ ಎರಡಕ್ಕೂ ಬಟನ್ ಎಂಬ ಒಂದೇ ಪದ. ಒಂದು ಬಟ್ಟೆಯನ್ನು ಹಿಡಿದಿಡುತ್ತದೆ, ಇನ್ನೊಂದು ಯಂತ್ರವನ್ನು ಎಬ್ಬಿಸುತ್ತದೆ. ಇವೆರಡಕ್ಕೂ ಏನು ನಂಟು?

ಬಟನ್ ಹಳೆಯ ಫ್ರೆಂಚಿನಿಂದ ಬಂದ ಪದ. ಅಲ್ಲಿ ಅದರ ಅರ್ಥ ಮೊಗ್ಗು. ಕೊಂಬೆಯನ್ನು ಒಳಗಿನಿಂದ ತಳ್ಳಿಕೊಂಡು ಬರುವುದು ಮೊಗ್ಗು. ತಳ್ಳು ಎಂಬ ಕ್ರಿಯೆಯೇ ಆ ಪದದ ಬೇರು. ಇಂದಿಗೂ ಫ್ರೆಂಚರು ಹೂವಿನ ಮೊಗ್ಗಿಗೂ ಮುಖದ ಮೊಡವೆಗೂ ಅಂಗಿಯ ಗುಂಡಿಗೂ ಅದನ್ನೇ ಬಳಸುತ್ತಾರೆ. ನಮ್ಮ ಗುಂಡಿಯ ಸೊಗಸು ಇನ್ನೂ ಒಂದು ಕೈ ಮೇಲು: ಅದು ಉಬ್ಬೂ ಹೌದು, ನೆಲದ ಹಳ್ಳವೂ ಹೌದು. ಗುಂಡಿ ತೂರುವ ಸೀಳಿಗೆ ಮಾತ್ರ ದರ್ಜಿಗಳು ಕಾಜಾ ಎನ್ನುತ್ತಾರೆ.

ಗುಂಡಿಯನ್ನು ಬಟ್ಟೆಗೆ ಬಿಗಿಯಾಗಿ ಹೊಲಿಯಬಾರದು. ಅದರ ಮೇಲೊಂದು ಬೆಂಕಿಕಡ್ಡಿ ಇಟ್ಟು, ಕಡ್ಡಿಯ ಮೇಲಿಂದ ದಾರ ಹಾಯಿಸಬೇಕು. ಹೊಲಿದಾದ ಮೇಲೆ ಕಡ್ಡಿ ಎಳೆದು, ಗುಂಡಿಯ ಬುಡಕ್ಕೆ ದಾರವನ್ನು ನಾಲ್ಕೈದು ಸುತ್ತು ಸುತ್ತಬೇಕು. ಆಗ ಗುಂಡಿಗೊಂದು ತೊಟ್ಟು ಬರುತ್ತದೆ. ತೊಟ್ಟಿನ ಮೇಲೆ ನಿಂತ ಮೊಗ್ಗು! ಪದದ ಹುಟ್ಟು ನನ್ನ ಬೆರಳಿಗೆ ತಿಳಿದದ್ದೇ ಹಾಗೆ.

ಒತ್ತುವ ಗುಂಡಿಯೂ ಇಂಥದೇ ಉಬ್ಬು. 1888ರಲ್ಲಿ ಕೊಡ್ಯಾಕ್ ಕ್ಯಾಮೆರಾ ಬಂದಾಗ ಅದರ ಜಾಹೀರಾತು ಹೇಳಿದ್ದು ಇಷ್ಟೇ: ನೀವು ಗುಂಡಿ ಒತ್ತಿ, ಉಳಿದದ್ದು ನಮಗಿರಲಿ.

ಈಗ ಆ ಉಬ್ಬೇ ಮಾಯವಾಗುತ್ತಿದೆ ಎಂಬುದು ನನ್ನ ಕಳವಳ. ದೂರವಾಣಿಯ 5ರ ಗುಂಡಿಯ ಮೇಲೊಂದು ಚುಕ್ಕೆ ಇರುತ್ತದೆ. ಕಣ್ಣು ಕಾಣದವರು ಅದನ್ನು ಸವರಿ ಉಳಿದ ಅಂಕಿಗಳ ಜಾಗ ಹಿಡಿಯುತ್ತಾರೆ. ನುಣುಪು ಗಾಜಿನ ಮೇಲಿನ ಗುಂಡಿ ಬರೀ ಚಿತ್ರ. ಮೊಬೈಲ್ ಆದರೆ ಪರದೆಯನ್ನು ಓದಿ ಹೇಳುತ್ತದೆ, ಸರಿ. ಲಿಫ್ಟಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಗಾಜು ಹಾಕಿದರೆ ಅವರಿಗೆ ಓದಿ ಹೇಳುವವರು ಯಾರು? ಅಲ್ಲಿ ಒಂದು ಉಬ್ಬನ್ನು ಉಳಿಸುವುದು ತಯಾರಕರಿಗೆ ಭಾರವಾಗಬಾರದು.

ಕಂಪ್ಯೂಟರಿನಲ್ಲಿ ಹಲವು ಆಯ್ಕೆಗಳ ನಡುವೆ ಒಂದನ್ನೇ ಆರಿಸುವ ದುಂಡು ಗುರುತಿಗೆ ರೇಡಿಯೋ ಬಟನ್ ಎಂದು ಹೆಸರು. ಹಳೆಯ ಕಾರುಗಳ ರೇಡಿಯೋದಿಂದ ಬಂದ ಹೆಸರದು. ಅಲ್ಲಿ ಒಂದು ಗುಂಡಿ ಒತ್ತಿದರೆ, ಅದುವರೆಗೆ ಒಳಗಿದ್ದ ಇನ್ನೊಂದು ಟಕ್ಕೆಂದು ಹೊರಗೆ ಬರುತ್ತಿತ್ತು. ರೇಡಿಯೋ ಕೇಂದ್ರ ಬದಲಾಯಿತೆಂದು ತಿಳಿಯಲು ಚಾಲಕ ರಸ್ತೆಯಿಂದ ಕಣ್ಣು ತೆಗೆಯಬೇಕಿರಲಿಲ್ಲ.

ನಮಸ್ಕಾರ.