ಗಾಯದ ಮೇಲೆ ಕಡಲಕಳೆ

ಈ ಬಿಳಿ ತುಂಡು ನೋಡಿ. ಹತ್ತಿಯ ಹಾಗೆ ಕಾಣುತ್ತೆ ಅಲ್ವಾ? ಹತ್ತಿ ಅಲ್ಲ ಇದು, ಕಂದು ಕಡಲಕಳೆಯಿಂದ ತೆಗೆದ ನಾರು. ಕ್ಯಾಲ್ಸಿಯಂ ಆಲ್ಜಿನೇಟ್ ಅಂತಾರೆ. ಜಾಸ್ತಿ ನೀರು ಒಸರುವ ಗಾಯಗಳಿಗೆ ಆಸ್ಪತ್ರೆಯಲ್ಲಿ ಇದರಿಂದ ಡ್ರೆಸ್ಸಿಂಗ್ ಮಾಡುತ್ತಾರೆ.

ಈಗ ಇದರ ಮೇಲೆ ಸಲೈನ್, ಅಂದರೆ ಉಪ್ಪುನೀರು, ಹನಿಸುತ್ತಿದ್ದೇನೆ. ಸ್ವಲ್ಪ ಹೊತ್ತು ಸುಮ್ನೆ ನೋಡೋಣ. ನಾರು ಉಬ್ಬುತ್ತಿದೆ. ಒಂದೊಂದು ಎಳೆಯೂ ಮಸುಕಾಗಿ, ಒಂದಕ್ಕೊಂದು ಅಂಟಿಕೊಂಡು ಲೋಳೆಯಾಗುತ್ತಿದೆ. ತನ್ನ ತೂಕದ 15ರಿಂದ 20 ಪಟ್ಟು ನೀರನ್ನು ಇದು ಹೀರಬಲ್ಲದು. ಆದರೆ ಹೀರುವುದಷ್ಟೇ ಆಗಿದ್ದರೆ ನಾನು ಈ ವಿಡಿಯೋ ಮಾಡುತ್ತಿರಲಿಲ್ಲ.

ಇಲ್ಲಿ ಒಂದು ಅದಲುಬದಲು ನಡೆಯುತ್ತಿದೆ. ಒಣಗಿದ ನಾರಿನಲ್ಲಿ ಕ್ಯಾಲ್ಸಿಯಂ ಅಣುಸರಪಳಿಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುತ್ತದೆ. ಗಾಯದ ನೀರಿನಲ್ಲಿ ಸೋಡಿಯಂ ಇರುತ್ತದೆ. ಸೋಡಿಯಂ ಒಳಗೆ ಹೋಗುತ್ತದೆ, ಕ್ಯಾಲ್ಸಿಯಂ ಹೊರಗೆ ಬರುತ್ತದೆ. ಹಿಡಿತ ಸಡಿಲವಾಗಿ ನಾರು ಲೋಳೆಯಾಗುತ್ತದೆ. ಹೊರಬಂದ ಕ್ಯಾಲ್ಸಿಯಂ ರಕ್ತ ಹೆಪ್ಪುಗಟ್ಟುವುದಕ್ಕೂ ನೆರವಾಗುತ್ತದೆ. ಅಂದರೆ ಈ ಡ್ರೆಸ್ಸಿಂಗನ್ನು ಕೆಲಸಕ್ಕೆ ಹಚ್ಚುವುದು ಗಾಯವೇ. ಒಣ ಗಾಯದ ಮೇಲೆ ಇಟ್ಟರೆ ಉಪಯೋಗವಿಲ್ಲ, ಸುಮ್ನೆ ಅಂಟಿಕೊಂಡು ತೊಂದರೆ ಕೊಡುತ್ತದೆ.

ಗಾಯಕ್ಕೆ ಗಾಳಿ ಆಡಲಿ, ಹಕ್ಕಳೆ ಕಟ್ಟಲಿ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದೇವೆ. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ಸಂಶೋಧಕ ಹಂದಿಗಳ ಮೇಲಿನ ಸಣ್ಣ ಗಾಯಗಳನ್ನು ಹೋಲಿಸಿ ನೋಡಿದರು. ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳಲ್ಲಿ, ಗಾಳಿಗೆ ಬಿಟ್ಟವಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹೊಸ ಚರ್ಮ ಹರಡಿತು. ಆಲ್ಜಿನೇಟ್ ಅದಕ್ಕೂ ಹಳೆಯದು. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಸ್ಟ್ಯಾನ್‌ಫರ್ಡ್ 1880ರ ದಶಕದಲ್ಲೇ ಇದನ್ನು ಕಡಲಕಳೆಯಿಂದ ಬೇರ್ಪಡಿಸಿದ್ದರು.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತೆ. ಆಲ್ಜಿನೇಟ್ ಸರಪಳಿಯಲ್ಲಿ ಎರಡು ಥರದ ಕೊಂಡಿಗಳಿವೆ, ಜಿ ಮತ್ತು ಎಂ. ಕ್ಯಾಲ್ಸಿಯಂ ಗಟ್ಟಿಯಾಗಿ ಕೂರುವುದು ಜಿ ಕೊಂಡಿಗಳ ನಡುವೆ. ಜಿ ಜಾಸ್ತಿ ಇದ್ದರೆ ಲೋಳೆ ಬಿಗಿಯಾಗಿರುತ್ತದೆ, ಡ್ರೆಸ್ಸಿಂಗನ್ನು ಇಡಿಯಾಗಿ ಎತ್ತಿ ತೆಗೆಯಬಹುದು. ಎಂ ಜಾಸ್ತಿ ಇದ್ದರೆ ಬೇಗ ಮೆತ್ತಗಾಗುತ್ತದೆ, ಸಲೈನಿನಲ್ಲಿ ತೊಳೆದರೆ ಹೋಗುತ್ತದೆ. ಲ್ಯಾಮಿನೇರಿಯಾ ಹೈಪರ್‌ಬೋರಿಯಾ ಅನ್ನುವ ಕಡಲಕಳೆಯ ಕಾಂಡದಲ್ಲಿ ಜಿ ಹೆಚ್ಚು, ಎಲೆಯಂಥ ಭಾಗದಲ್ಲಿ ಕಡಿಮೆ. ಕಾಂಡ ಅಲೆಗಳ ಹೊಡೆತಕ್ಕೆ ನೆಟ್ಟಗೆ ನಿಲ್ಲಬೇಕು, ಎಲೆ ಬಳುಕಬೇಕು. ಸಮುದ್ರದಲ್ಲಿ ಗಿಡಕ್ಕೆ ಬೇಕಾದ ಗುಣವೇ ಇಲ್ಲಿ ನರ್ಸ್ ಕೈಗೂ ಅನುಕೂಲವಾಗಿದೆ!

ಮನೆಯಲ್ಲಿ ಯಾರಿಗಾದರೂ ಇದನ್ನು ಹಾಕಿದ್ದರೆ ಒಂದು ವಿಷಯ ನೆನಪಿಡಿ. ಪಟ್ಟಿ ಬಿಚ್ಚಿದಾಗ ಹಳದಿಯೋ ಹಸಿರೋ ಬಣ್ಣದ ಲೋಳೆ ಕಾಣಬಹುದು, ವಾಸನೆಯೂ ಇರಬಹುದು. ನೋಡಿದ ಕೂಡಲೇ ಕೀವು ಅಂತ ಗಾಬರಿಯಾಗಬೇಡಿ. ತೊಳೆದ ಮೇಲೆ ಗಾಯ ಹೇಗಿದೆ ಅನ್ನುವುದು ಮುಖ್ಯ. ಸುತ್ತ ಕೆಂಪಾಗಿ, ಬಿಸಿಯಾಗಿ, ನೋವು ಏರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಜಾಹೀರಾತುಗಳು. ಕಡಲಕಳೆ ಗಾಯವನ್ನು ಮ್ಯಾಜಿಕ್ ಥರ ಮಾಯಿಸುತ್ತದೆ ಅಂದರೆ ನಂಬಬೇಡಿ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳ ಬಗ್ಗೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಪರಿಶೀಲಿಸಿತು. ಸಾಮಾನ್ಯ ಡ್ರೆಸ್ಸಿಂಗಿಗಿಂತ ಆಲ್ಜಿನೇಟ್ ಚೆನ್ನಾಗಿ ಮಾಯಿಸುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಮಾಯಿಸುವುದು ದೇಹ. ಇದು ತೇವವನ್ನು ಹದದಲ್ಲಿಟ್ಟು, ಕಿತ್ತಾಗ ನೋವು ಕಡಿಮೆ ಮಾಡುತ್ತದೆ. ನನ್ನ ಪ್ರಕಾರ ಅದೇ ದೊಡ್ಡ ಉಪಕಾರ.

ಜೋರಾಗಿ ಸುರಿಯುವ ರಕ್ತಕ್ಕೆ ಈ ಪಟ್ಟಿ ಸಾಲದು. ಆದರೆ ಸಿರಿಂಜಿನಿಂದ ಗಾಯದೊಳಕ್ಕೆ ಒತ್ತುವ, ಪಾಚಿ ಮೂಲದ ಟ್ರಾಮಾಜೆಲ್ ಅನ್ನುವ ಜೆಲ್‌ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದರ ಕೆಲಸ ರಕ್ತ ನಿಲ್ಲಿಸುವುದು, ಹೀರುವುದಲ್ಲ. ಮುಂದಿನ ವಿಡಿಯೋದಲ್ಲಿ ಅದನ್ನೇ ನೋಡೋಣ.